ಕುಚ್ ಪದದ ಬೆನ್ನು ಹತ್ತಿ: ವೇಲ್ಸಿನ ದೊಡ್ಡ ನಿಘಂಟು ಹೇಗಿದೆ?

ಚಾರ್ಜರ್ ಕೆಟ್ಟುಹೋದರೆ ಒಂದು ಸ್ಟಾರ್ ಕೊಟ್ಟು ಬೈದು ಬರೆಯುತ್ತೇವೆ. ನೂರು ವರ್ಷದ ದುಡಿಮೆ ಪುಕ್ಕಟೆ ಸಿಕ್ಕರೆ ಸುಮ್ನೆ ಇರುತ್ತೇವೆ, ಅಲ್ವಾ? ಹಾಗಾಗಿ ಈ ವಿಮರ್ಶೆ ದುಡ್ಡೇ ಕೊಡದ ವಸ್ತುವಿನದು.

ಹೆಸರು ಗೈರ್ಯಾದಿರ್ ಪ್ರಿವಸ್ಗೋಲ್ ಕಮ್ರಿ. ಹೆದರಬೇಡಿ, ವೇಲ್ಸ್ ವಿಶ್ವವಿದ್ಯಾಲಯದ ನಿಘಂಟು ಅಂತ ಅಷ್ಟೇ. ಇಲ್ಲಿಯವರು ಜಿಪಿಸಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ವೆಲ್ಷ್ ಪದ ಎಲ್ಲಿಂದ ಬಂತು, ಹಿಂದೆ ಏನರ್ಥವಿತ್ತು, ಈಗ ಏನಾಗಿದೆ ಎಂದು ತಿಳಿಯಬೇಕಾದರೆ ಇದನ್ನು ಮೀರಿಸಿದ್ದು ಇಲ್ಲ. ಬಸ್ಸಿನಲ್ಲಿ ನಿಂತು ಅವಸರಕ್ಕೆ ಒಂದು ಪದ ನೋಡಬೇಕಾದರೆ ಮಾತ್ರ ಇದು ತಲೆನೋವು.

ನಾನು ಸ್ವಾನ್ಸಿ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ವಯಸ್ಸಾದವರ ವಾರ್ಡು, ಹೆಚ್ಚಾಗಿ ನೈಟ್ ಡ್ಯೂಟಿ. ಹಗಲೆಲ್ಲ ಇಂಗ್ಲಿಷ್ ಮಾತಾಡುವ ಅಜ್ಜಿಯರು ಮರೆವಿನ ಕಾಯಿಲೆ ಜಾಸ್ತಿಯಾದಂತೆ ರಾತ್ರಿ ಹೊತ್ತು ಬಾಲ್ಯದ ವೆಲ್ಷಿಗೆ ಜಾರುತ್ತಾರೆ. ನೋವು ಎಲ್ಲಿ, ನೀರು ಬೇಕಾ, ಯಾರನ್ನು ಕರೆಯುತ್ತಿದ್ದಾರೆ, ಇಷ್ಟಾದರೂ ನನಗೆ ಗೊತ್ತಾಗಬೇಕು. ಆ ದೆಸೆಯಿಂದ ಕಲಿಯಲು ಕೂತವಳು ನಾನು. ಭಾಷಾಶಾಸ್ತ್ರ ಓದಿದವಳಲ್ಲ. ಈ ವಿಮರ್ಶೆಯನ್ನು ಅಷ್ಟಕ್ಕೇ ತೂಗಿ ನೋಡಿ.

ದಕ್ಷಿಣ ವೇಲ್ಸಿಗೆ ಬಂದವರ ಕಿವಿಗೆ ಮೊದಲು ಬೀಳುವ ಪದಗಳಲ್ಲಿ ಕುಚ್ ಒಂದು. ವೆಲ್ಷಿನಲ್ಲಿ ಸಿ, ಡಬ್ಲ್ಯೂ, ಟಿ, ಎಸ್, ಎಚ್ ಎಂದು ಬರೆಯುತ್ತಾರೆ. ಅಲ್ಲಿ ಡಬ್ಲ್ಯೂ ಒಂದು ಸ್ವರ, ನಮ್ಮ ಉಕಾರ. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ಎಸ್ ಜಾಗಕ್ಕೆ ಸಿ ಬರುತ್ತದೆ. ಕುಚ್ ಅಂದರೆ ಅಪ್ಪುಗೆ. 'ಬಾ, ಒಂದು ಕುಚ್ ಕೊಡು' ಎಂದು ಎಂಬತ್ತು ದಾಟಿದ ಅಜ್ಜಿ ಕೈ ಚಾಚಿದರೆ ಕನ್ನಡದ ಕಿವಿಗೆ ಕ್ಷಣಕಾಲ ಬೇರೇನೋ ಕೇಳಿಸುತ್ತದೆ, ಅದಿರಲಿ ಬಿಡಿ. ಗೊಂದಲವಾಗುವುದು ಅದೇ ಅಜ್ಜಿ 'ನನ್ನ ಚಪ್ಪಲಿ ಕುಚ್‌ನಲ್ಲಿಡು' ಎಂದಾಗ. ಚಪ್ಪಲಿಯನ್ನು ಅಪ್ಪುಗೆಯಲ್ಲಿ ಇಡುವುದು ಹೇಗೆ?

ಇಲ್ಲಿನ ಒಂದು ಉಡುಗೊರೆ ಅಂಗಡಿಯಲ್ಲಿ ಇದಕ್ಕೆ ಉತ್ತರ ಎಂಟು ಪೌಂಡಿಗೆ ಸಿಗುತ್ತದೆ. ಬಿಳಿ ಮಗ್ಗು, ಕೆಂಪು ಡ್ರ್ಯಾಗನ್, ಕೆಳಗೆ ಬರಹ: ಕುಚ್ ಎಂಬುದು ಪ್ರಾಚೀನ ಕೆಲ್ಟಿಕ್ ಪದ, ಬೇರೆ ಯಾವ ಭಾಷೆಯಲ್ಲೂ ಹೇಳಲಾಗದ ಭಾವ, ಸುರಕ್ಷಿತ ತಾಣ. ಓದಲು ಚೆನ್ನಾಗಿದೆ. ನಾನೂ ಒಂದು ಕೊಂಡೆ, ಟೀ ಕುಡಿಯಲು ಮಗ್ಗಂತೂ ಬೇಕಿತ್ತು. ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕುತ್ತಾ ಹೋದಂತೆ ಡ್ರ್ಯಾಗನ್ನಿನ ಬಾಲ ಅಳಿಸಿಹೋಯಿತು. ಬರಹ ಮಾತ್ರ ಗಟ್ಟಿಯಾಗಿ ಉಳಿದಿದೆ.

ಆ ಬರಹವನ್ನು ಜಿಪಿಸಿ ಮುಂದಿಟ್ಟು ನೋಡಿ. ಪದ ಟೈಪ್ ಮಾಡಿದರೆ ಅದರ ವ್ಯಾಕರಣ ಸಿಗುತ್ತದೆ, ಆವರಣದೊಳಗೆ ಅದು ಹುಟ್ಟಿದ ಕಥೆ. ಎರವಲು ಪದಗಳಿಗೆ ಅಲ್ಲೊಂದು ಸಂಕ್ಷೇಪ ಇರುತ್ತದೆ, ಬಿ, ಎನ್, ಟಿ, ಎಚ್ ಎಂಬ ನಾಲ್ಕು ಅಕ್ಷರ. ಬೆಂಥಿಗ್ ಎಂಬುದರ ಚಿಕ್ಕ ರೂಪ, ಅಂದರೆ ಸಾಲ. ಕುಚ್ ಇಂಥ ಸಾಲದ ಪದ. ಮಧ್ಯಕಾಲದ ಇಂಗ್ಲಿಷಿನ ಕೂಚ್‌ನಿಂದ ಬಂದದ್ದು, ಈಗ ಸೋಫಾಕ್ಕೆ ಕೌಚ್ ಎನ್ನುತ್ತೇವಲ್ಲ, ಅದೇ. ಇಂಗ್ಲಿಷಿಗೆ ಅದು ಫ್ರೆಂಚಿನಿಂದ ಬಂತು, ಅಲ್ಲಿ ಕೂಶೇ ಎಂದರೆ ಮಲಗಿಸು. ಫ್ರೆಂಚಿಗೆ ಲ್ಯಾಟಿನ್ನಿನ ಕೊಲ್ಲೊಕಾರೆಯಿಂದ, ಇಡು, ನೆಲೆಗೊಳಿಸು ಎಂಬರ್ಥದ ಪದ. ಪ್ರಾಚೀನ ಕೆಲ್ಟಿಕ್ ಎಲ್ಲಿಯೂ ಇಲ್ಲ! ರೋಮಿನವರ ಬಾಯಿಂದ ಫ್ರಾನ್ಸಿಗೆ, ಅಲ್ಲಿಂದ ಇಂಗ್ಲೆಂಡಿಗೆ, ಅಲ್ಲಿಂದ ವೇಲ್ಸಿಗೆ. ಅಲ್ಲಿಗೂ ಮುಗಿಯಲಿಲ್ಲ. ವೇಲ್ಸಿನ ಇಂಗ್ಲಿಷ್ ಅದನ್ನು ವೆಲ್ಷ್ ಪದ ಎಂದೇ ತಿಳಿದು ವಾಪಸ್ ತೆಗೆದುಕೊಂಡಿತು. ಈಗ ಇಂಗ್ಲಿಷ್ ನಿಘಂಟುಗಳಲ್ಲೂ ಅದಕ್ಕೆ ಜಾಗವಿದೆ.

ಚಪ್ಪಲಿಯ ಗೊಂದಲವೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಮೂಲದಲ್ಲಿ ಅದು ಮಲಗುವ ಜಾಗ. ಆಮೇಲೆ ಪ್ರಾಣಿ ಮುದುರಿಕೊಂಡು ಬಿದ್ದಿರುವ ಮೂಲೆ, ಅಡಗುವ ತಾಣ. ಹಾಗೇ ಮನೆಯೊಳಗೆ ಸಾಮಾನು ತುರುಕುವ ಗೂಡು. ಮೆಟ್ಟಿಲ ಕೆಳಗಿನ ಕತ್ತಲೆ ಕಪಾಟು 'ಕುಚ್ ಡಾನ್ ಸ್ಟಾರ್'. ಕಲ್ಲಿದ್ದಲು ಹಾಕುವ ಗೂಡು 'ಕುಚ್ ಗ್ಲೋ'. ಇದು ಗಣಿಗಳ ಸೀಮೆ. ಗಣಿ ಕೆಲಸಗಾರರಿಗೆ ಸಂಬಳದ ಜೊತೆ ಕಲ್ಲಿದ್ದಲೂ ಸಿಗುತ್ತಿತ್ತು, ಲಾರಿ ತಂದು ಬಾಗಿಲ ಮುಂದೆ ಸುರಿದು ಹೋಗುತ್ತಿತ್ತು. ಮನೆಯವರೆಲ್ಲ ಸೇರಿ ಬಕೆಟ್ಟಿನಲ್ಲಿ ಹೊತ್ತು ಕುಚ್‌ಗೆ ತುಂಬಬೇಕು. ನನ್ನ ವಾರ್ಡಿನ ಅಜ್ಜಿಯರಿಗೆ ಆ ಪದ ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ಕೈಗೆ ಮೆತ್ತಿದ ಕರಿ ಪುಡಿ. ನಾಯಿಗೆ 'ಕುಚ್' ಎಂದರೆ ಬಿದ್ದುಕೋ ಅಂತ. ಮಗುವನ್ನು ಮಡಿಲಲ್ಲಿ ಮುದುರಿಸಿಕೊಳ್ಳುವುದೂ ಕುಚ್. ಗೂಡಿನಿಂದ ಮಡಿಲಿಗೆ ಹೆಜ್ಜೆ ದೂರವೇನಲ್ಲ. ಅಜ್ಜಿ ಚಪ್ಪಲಿ ಇಡಲು ಹೇಳಿದ್ದು ಮಂಚದ ಪಕ್ಕದ ಪುಟ್ಟ ಕಪಾಟಿನೊಳಗೆ.

ಈಗ ನೀವೇ ಹೇಳಿ, ಮಗ್ಗಿನ ಕಥೆ ಚೆನ್ನಾಗಿದೆಯೋ ಇದು ಚೆನ್ನಾಗಿದೆಯೋ? ಸಾಲದ ಪದ ಎಂದ ಕೂಡಲೇ ನನ್ನ ಸಹೋದ್ಯೋಗಿಯೊಬ್ಬಳ ಮುಖ ಸಪ್ಪಗಾಯಿತು. 'ಅಯ್ಯೋ, ನಮ್ಮದಲ್ವಾ ಹಾಗಾದ್ರೆ?' ಎಂದಳು. ಯಾಕಲ್ಲ? ಕುರ್ಚಿ ಅರಬ್ಬಿಯಿಂದ, ಚಾವಿ ಪೋರ್ಚುಗೀಸಿನಿಂದ ಬಂದದ್ದು. ನಾವೇನು ಅವನ್ನು ವಾಪಸ್ ಕಳಿಸಿದ್ದೇವಾ? ಇನ್ನೂ ತಮಾಷೆಯೆಂದರೆ ಸಾಲ ಎಂಬರ್ಥದ ಆ ಬೆಂಥಿಗ್ ಕೂಡ ಸಾಲದ್ದೇ, ಲ್ಯಾಟಿನ್ನಿನ ಬೆನೆಫಿಕಿಯುಮ್‌ನಿಂದ. ನಿಘಂಟಿನವರು ನಗದೆ ಇದನ್ನು ಹೇಗೆ ಅಚ್ಚು ಹಾಕಿದರೋ.

ಮಗ್ಗಿಗೂ ಒಂದು ವಂಶಾವಳಿ ಇದೆ. ವಿಲಿಯಂ ಓವೆನ್ ಪ್ಯೂ ಎಂಬುವನ ನಿಘಂಟು 1803ರಲ್ಲಿ ಪೂರ್ತಿಯಾಯಿತು. ವೆಲ್ಷಿನ ಪ್ರತಿ ಪದವನ್ನೂ ಪುಟ್ಟ ಪುಟ್ಟ ಮೂಲ ತುಂಡುಗಳಾಗಿ ಒಡೆಯಬಹುದು ಎಂಬುದು ಅವನ ನಂಬಿಕೆ. ಒಡೆದದ್ದೂ ಒಡೆದದ್ದೇ, ಇಲ್ಲದ ಪದಗಳನ್ನು ಹೊಸೆದದ್ದೂ ಹೊಸೆದದ್ದೇ. ಕಾಗುಣಿತವನ್ನೂ ತನಗೆ ತೋಚಿದಂತೆ ಬದಲಿಸಿದ. ಅವನ ಗೆಳೆಯ ಯೋಲೊ ಮೊರ್ಗಾನುಗ್ ಇನ್ನೊಂದು ಕೈ ಮೇಲು. ಮಧ್ಯಕಾಲದ ಕವಿಗಳ ಹೆಸರಿನಲ್ಲಿ ತಾನೇ ಪದ್ಯ ಬರೆದು ಹಳೆಯದೆಂದು ಎಲ್ಲರನ್ನೂ ನಂಬಿಸಿದ. ಅಂಥ ಒಬ್ಬ ಕವಿ ದಾವಿದ್ ಆಪ್ ಗ್ವಿಲಿಮ್, 1789ರಲ್ಲಿ ಬಂದ ಅವನ ಪದ್ಯಗಳ ಸಂಪುಟದಲ್ಲೂ ಯೋಲೊನ ಸೃಷ್ಟಿಗಳು ಸೇರಿಕೊಂಡವು. ಇಂಥ ಚೆಂದದ ಸುಳ್ಳುಗಳ ನಂತರ ಬಂದ ನಿಘಂಟು ಜಿಪಿಸಿ. ಅದರ ಒಣ ದನಿ ನನಗೆ ಇಷ್ಟವಾಗುವುದು ಇದರಿಂದಲೇ. ಪದದ ಕೆಳಗೆ ಯಾರು, ಯಾವ ಗ್ರಂಥದಲ್ಲಿ, ಯಾವ ಕಾಲದಲ್ಲಿ ಬಳಸಿದರು ಎಂಬುದನ್ನು ಹಳೆಯದರಿಂದ ಹೊಸದಕ್ಕೆ ಸಾಲಾಗಿ ಕೊಡುತ್ತದೆ. ನಂಬು ಎನ್ನುವುದಿಲ್ಲ, ನೋಡಿಕೋ ಎನ್ನುತ್ತದೆ.

ಈ ಕೆಲಸ ಶುರುವಾದದ್ದು 1921ರಲ್ಲಿ, ಅಬೆರಿಸ್ಟ್ವಿತ್ ಊರಿನಲ್ಲಿರುವ ವೇಲ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಹಳೆಯ ಹಸ್ತಪ್ರತಿ, ಪುಸ್ತಕಗಳನ್ನು ಓದಿ ಒಂದೊಂದು ಬಳಕೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದಿಡುವುದು. ಊರೂರಿನ ಸ್ವಯಂಸೇವಕರೂ ಓದಿ ಬರೆದು ಕಳಿಸಿದರು. ಚೀಟಿಗಳು ಇಪ್ಪತ್ತು ಲಕ್ಷ ದಾಟಿದವು. ಮೊದಲ ಕಂತು ಅಚ್ಚಾದದ್ದು 1950ರಲ್ಲಿ, ಬರೀ 64 ಪುಟ. ಕೊನೆಯ ಕಂತು 2002ರಲ್ಲಿ. ಅಷ್ಟರಲ್ಲಿ ನಾಲ್ಕು ಸಂಪುಟ, ನಾಲ್ಕು ಸಾವಿರದ ಹತ್ತಿರ ಪುಟ. ಮುಗಿಯಿತು ಎಂದು ಕೈ ತೊಳೆದುಕೊಳ್ಳದೆ ಮತ್ತೆ ಮೊದಲ ಅಕ್ಷರದಿಂದ ತಿದ್ದಲು ಕೂತರು, ಐವತ್ತರ ದಶಕದ ಕಂತುಗಳು ತುಂಬಾ ಚುಟುಕಾಗಿ ಇದ್ದುವಲ್ಲ. 2014ರಲ್ಲಿ ಇಡೀ ನಿಘಂಟು ಇಂಟರ್ನೆಟ್ಟಿಗೆ ಬಂತು.

ಇಲ್ಲೊಂದು ಅಡ್ಡ ಮಾತು. ಅದೇ 1921ರಲ್ಲಿ ಪರ್ವತಾರೋಹಿ ಜಾರ್ಜ್ ಮ್ಯಾಲರಿ ಎವರೆಸ್ಟ್ ದಾರಿ ಹುಡುಕುತ್ತಿದ್ದ. ಮಂಜು ತುಂಬಿದ ಬಟ್ಟಲಿನಂಥ ಒಂದು ಕಣಿವೆ ಕಂಡು ವೆಸ್ಟರ್ನ್ ಕುಮ್ ಎಂದು ಹೆಸರಿಟ್ಟ. ಕುಮ್ ಎಂದರೆ ವೆಲ್ಷಿನಲ್ಲಿ ಕಣಿವೆ. ವೇಲ್ಸಿನ ಬೆಟ್ಟಗಳಲ್ಲಿ ಹತ್ತಿ ಪಳಗಿದವನು, ಬಾಯಿಗೆ ಬಂದದ್ದು ಆ ಪದ. ಇವತ್ತೂ ಎವರೆಸ್ಟ್ ಹತ್ತುವವರು ದಕ್ಷಿಣದ ದಾರಿಯಲ್ಲಿ ಅದರೊಳಗೇ ನಡೆದು ಹೋಗಬೇಕು.

ಇನ್ನು ಬಳಸುವ ಕಷ್ಟಕ್ಕೆ ಬರೋಣ, ಇದು ವಿಮರ್ಶೆಯಲ್ವಾ. ದೊಡ್ಡ ಕಷ್ಟ ನಿಘಂಟಿನ ತಪ್ಪಲ್ಲ, ಭಾಷೆಯ ಸ್ವಭಾವ. ವೆಲ್ಷಿನಲ್ಲಿ ಪದದ ಮೊದಲ ಅಕ್ಷರವೇ ಬದಲಾಗುತ್ತದೆ. ಬೆಕ್ಕು ಕಾಥ್. ಅವನ ಬೆಕ್ಕು ಎಂದರೆ 'ಎಯ್ ಗಾಥ್', ಅವಳ ಬೆಕ್ಕು 'ಎಯ್ ಖಾಥ್', ನನ್ನ ಬೆಕ್ಕು 'ವ ಙ್ಹಾಥ್'. ಅವನ, ಅವಳ ಎರಡಕ್ಕೂ ಎಯ್ ಒಂದೇ. ಬೆಕ್ಕು ಗಂಡಸಿನದೋ ಹೆಂಗಸಿನದೋ ಹೇಳುವುದು ಬೆಕ್ಕಿನ ಮೊದಲ ಅಕ್ಷರ! ನಿಘಂಟಿನಲ್ಲಿ ಪದ ಕೂತಿರುವುದು ಮೂಲ ರೂಪದಲ್ಲಿ. ಕಿವಿಗೆ ಬಿದ್ದದ್ದು ಗಾಥ್ ಆದರೆ ಅದು ಕಾಥ್ ಇರಬೇಕು ಎಂದು ನೀವೇ ಲೆಕ್ಕ ಹಾಕಬೇಕು. ಗಕಾರವಂತೂ ಕೆಲವೆಡೆ ಪೂರ್ತಿ ಮಾಯ. ತೋಟ ಗಾರ್ದ್, ಆದರೆ 'ಅರ್ ಆರ್ದ್' ಎಂದು ಬರುತ್ತದೆ. ಸ್ವರದಿಂದ ಶುರುವಾದ ಪದ ಸಿಗದಿದ್ದರೆ ಮುಂದೊಂದು ಗ ಸೇರಿಸಿ ನೋಡುವುದು ನನ್ನ ರೂಢಿ.

ಅಕ್ಷರಮಾಲೆಯೂ ಬೇರೆ. ಸಿಎಚ್, ಡಿಡಿ, ಎಲ್ಎಲ್ ಇವೆಲ್ಲ ಒಂದೊಂದೇ ಅಕ್ಷರ. ಎನ್‌ಜಿ ಬರುವುದು ಜಿ ಆದಮೇಲೆ. ಇಂಗ್ಲಿಷ್ ಕ್ರಮದಲ್ಲಿ ಪಟ್ಟಿ ನೋಡುತ್ತಾ ಹೋದರೆ ಪದ ಇಲ್ಲವೇನೋ ಅನ್ನಿಸುತ್ತದೆ. ಇರುತ್ತದೆ, ಸ್ವಲ್ಪ ಮೇಲೋ ಕೆಳಗೋ.

ಎರಡನೆಯ ಕಷ್ಟ, ಅರ್ಥ ವಿವರಣೆ ಇರುವುದು ವೆಲ್ಷಿನಲ್ಲೇ. ಅದರ ಬೆನ್ನಿಗೆ ಇಂಗ್ಲಿಷ್ ಸಮಾನ ಪದಗಳನ್ನು ಕೊಟ್ಟಿರುತ್ತಾರೆ, ಹೊಸಬರಿಗೆ ಅದೇ ಊರುಗೋಲು. ಉದಾಹರಣೆಗಳಿಗೆ ಅನುವಾದ ಇಲ್ಲ. ಹದಿಮೂರನೇ ಶತಮಾನದ ಸಾಲು ಆ ಕಾಲದ ಕಾಗುಣಿತದಲ್ಲೇ ಇರುತ್ತದೆ. ಮೇಲೆ ಸಂಕ್ಷೇಪಗಳ ಕಾಡು ಬೇರೆ. ಪಟ್ಟಿ ಸೈಟಿನಲ್ಲೇ ಇದೆ, ಅದನ್ನು ಮೊದಲು ಓದಿಕೊಂಡು ಕೂತರೆ ಅರ್ಧ ಸಂಕಟ ತಪ್ಪುತ್ತದೆ. ನಾನು ಆ ಉದಾಹರಣೆಗಳಲ್ಲಿ ವರ್ಷ ಮಾತ್ರ ನೋಡಿ ಮುಂದೆ ಹೋಗುವುದೇ ಜಾಸ್ತಿ. ಉಚ್ಚಾರಣೆಗೆ ಇದನ್ನು ನೆಚ್ಚಿಕೊಂಡಿಲ್ಲ, ತಪ್ಪಾಗಿ ಹೇಳಿದರೆ ತಿದ್ದಲು ವಾರ್ಡಿನ ತುಂಬ ಮೇಷ್ಟ್ರುಗಳಿದ್ದಾರೆ.

ಹೀಗಾಗಿ ದಿನಬಳಕೆಗೆ ಬೇರೆಯದನ್ನು ಇಟ್ಟುಕೊಳ್ಳಿ. ಬ್ಯಾಂಗರ್ ವಿಶ್ವವಿದ್ಯಾಲಯದವರ ಆಪ್ ಗೈರ್ಯಾದಿರೋನ್ ಎಂಬ ಆಪ್ ಇದೆ, ಬದಲಾದ ರೂಪವನ್ನೇ ಟೈಪ್ ಮಾಡಿದರೂ ಮೂಲ ಪದ ತೋರಿಸುತ್ತದೆ. ಇಂಗ್ಲಿಷಿನಿಂದ ವೆಲ್ಷಿಗೆ ಹೋಗಲು 1995ರ ಅಕಾಡೆಮಿ ನಿಘಂಟು ಆನ್‌ಲೈನ್ ಸಿಗುತ್ತದೆ. ಅವು ಕೆಲಸಕ್ಕೆ. ಜಿಪಿಸಿ ಬಿಡುವಿಗೆ. ಅದಕ್ಕೂ ಆಪ್ ಇದೆ, ಅದೂ ಪುಕ್ಕಟೆ.

ಬಿಡುವಿನಲ್ಲಿ ಕೈಗೆ ಸಿಕ್ಕಿದ ಕೆಲವನ್ನು ಹೇಳದೆ ಹೋದರೆ ಸಮಾಧಾನವಿಲ್ಲ. ಆಸ್ಪತ್ರೆಯ ಬೋರ್ಡಿನ ಮೇಲೆ ದಿನಾ ನೋಡುವ ಅಸ್ಬಟಿ ಎಂಬ ಪದವನ್ನು ಬಿಡಿಸಿದರೆ ಕೊನೆಗೆ ಉಳಿಯುವುದು ಟಿ, ಅಂದರೆ ಮನೆ. ಮುಂದಿನ ಭಾಗ ಲ್ಯಾಟಿನ್ನಿನ ಅತಿಥಿ ಎಂಬ ಪದದಿಂದ ಬಂದದ್ದು. ಅತಿಥಿಗಳ ಮನೆ. ಉತ್ತರದಲ್ಲಿ ಅಸ್ಬಟಿ ಇವಾನ್ ಎಂಬ ಹಳ್ಳಿ ಇದೆ, ಅಲ್ಲಿ ಸಂತ ಜಾನನ ಪಂಥದ ಸೇನಾನಿಗಳು ಮಧ್ಯಯುಗದಲ್ಲಿ ದಾರಿಹೋಕರಿಗೆ ತಂಗುದಾಣ ನಡೆಸುತ್ತಿದ್ದರು. ಚಿಕಿತ್ಸೆಗಿಂತ ಮೊದಲು ಆ ಪದದಲ್ಲಿ ಊಟ, ಹಾಸಿಗೆ ಇತ್ತು. ಅದೇ ಟಿ ದನದ ಕೊಟ್ಟಿಗೆಯಾದ ಬೈಡಿಯಲ್ಲೂ ಇದೆ, ಒಲೆಯಾದ ಪಾಪ್ಟಿಯಲ್ಲೂ ಇದೆ. ಪಾಪ್ಟಿ ಅಂದರೆ ಬೇಯಿಸುವ ಮನೆ. ಮೈಕ್ರೋವೇವಿಗೆ ವೆಲ್ಷಿನಲ್ಲಿ 'ಪಾಪ್ಟಿ ಪಿಂಗ್' ಎನ್ನುತ್ತಾರೆ ಎಂದು ಇಂಟರ್ನೆಟ್ಟಿನಲ್ಲಿ ಎಲ್ಲರೂ ಹಂಚಿಕೊಳ್ಳುತ್ತಾರಲ್ಲ, ಅದು ಜನ ತಮಾಷೆಗೆ ಮಾಡಿಕೊಂಡ ಹೆಸರು. ಸರಿಯಾದ ಪದ ಮೈಕ್ರೊಡಾನ್, ಕೇಳಲು ಅಷ್ಟು ಮಜವಿಲ್ಲ.

ಕಾರ್ಗಿ ನಾಯಿ ಎಂದರೆ ಕುಳ್ಳ ನಾಯಿ. ಕಾರ್ ಕುಳ್ಳ, ಕಿ ನಾಯಿ, ಸೇರುವಾಗ ಕ ಹೋಗಿ ಗ ಬಂತು. ಮೇಲೆ ಹೇಳಿದ ಬೆಕ್ಕಿನ ನಿಯಮವೇ ನಾಯಿಗೂ. ಮೈಮೇಲೆ ಚುಕ್ಕಿ ಇರುವ ಆ ಪುಟ್ಟ ಕೆಂಪು ಹುಳಕ್ಕೆ 'ಬ್ಯೂಖ್ ಗೋಖ್ ಗೋಟ' ಎನ್ನುತ್ತಾರೆ, ಗಿಡ್ಡ ಕೆಂಪು ಹಸು ಎಂದು. ಫಾಕ್ಸ್‌ಗ್ಲವ್ ಹೂವು ಇಲ್ಲಿ ನಾಯಿಗಳ ಬೆರಳು. ಸೇತುವೆ, ಕಿಟಕಿ, ಮೀನು, ಪುಸ್ತಕ, ಹಾಲು, ಈ ಐದರ ವೆಲ್ಷ್ ಪದಗಳೂ ಲ್ಯಾಟಿನ್ನಿನಿಂದ ಬಂದವು. ರೋಮಿನವರು ಮುನ್ನೂರೈವತ್ತು ವರ್ಷ ಇದ್ದು ಹೋದದ್ದು ಅಡಿಗೆಮನೆಯಲ್ಲಿ ಇನ್ನೂ ಕಾಣುತ್ತದೆ. ಹಿರಾಯ್ತ್ ಬಗ್ಗೆ ನಾನು ಬರೆಯುವುದಿಲ್ಲ. ಹಿರ್ ಎಂದರೆ ಉದ್ದ ಎಂಬುದರಿಂದ ಹುಟ್ಟಿದ ಹಂಬಲದ ಪದ, ಅದಕ್ಕೂ ಅದೇ ಅಂಗಡಿಯಲ್ಲಿ ಮಗ್ಗಿದೆ.

ಒಂದು ಕಡೆ ಜಿಪಿಸಿಯಲ್ಲಿ ಅರ್ಧ ಕಥೆ ಮಾತ್ರ ಸಿಗುತ್ತದೆ. ಈ ನಾಡಿನ ಹೆಸರು ಕಮ್ರಿ. ಹಳೆಯ ಬ್ರಿಟನ್ನಿನ ಮಾತಿನಲ್ಲಿ ಕೊಂಬ್ರೊಗಿ ಎಂದರೆ ಒಂದೇ ನಾಡಿನವರು. ಅದೇ ಕಮ್ರಿ ಆಯಿತು, ಇಂಗ್ಲೆಂಡಿನ ಕಂಬ್ರಿಯಾ ಎಂಬ ಹೆಸರೂ ಅದೇ ಬೇರಿನದು. ನಾಡಿಗೂ ಜನಕ್ಕೂ ಹಿಂದೆ ಒಂದೇ ಕಾಗುಣಿತವಿತ್ತು, ಈಗ ಕೊನೆಯ ಅಕ್ಷರ ಬೇರೆ, ಬಾಯಲ್ಲಿ ಇವತ್ತಿಗೂ ಒಂದೇ. ಇಷ್ಟಕ್ಕೆ ಜಿಪಿಸಿ ಸಾಕು. ವೇಲ್ಸ್, ವೆಲ್ಷ್ ಎಂಬ ಹೆಸರು ಮಾತ್ರ ಪಕ್ಕದವರು ಇಟ್ಟದ್ದು. ಹಳೆಯ ಇಂಗ್ಲಿಷಿನಲ್ಲಿ ವೆಆಲ್ಹ್ ಎಂದರೆ ಪರಕೀಯ. ವಾಲ್‌ನಟ್‌ನ ವಾಲ್ ಕೂಡ ಅದೇ, ಪರದೇಶದ ಕಾಯಿ. ಇದಕ್ಕೆ ಇಂಗ್ಲಿಷ್ ನಿಘಂಟು ತೆರೆಯಬೇಕು. ತಮ್ಮ ನೆಲದಲ್ಲೇ ಇದ್ದವರನ್ನು ಆಮೇಲೆ ಬಂದವರು ಪರಕೀಯರು ಎಂದು ಕರೆದದ್ದು ಹೇಗೆ ಅಂತ ವಾರ್ಡಿನಲ್ಲಿ ಒಬ್ಬ ತಾತನನ್ನು ಕೇಳಿದೆ. 'ಅವರಿಗೆ ಅಷ್ಟೇ ಗೊತ್ತಿರೋದು ಬಿಡಮ್ಮ' ಎಂಬ ಧಾಟಿಯಲ್ಲಿ ಕೈ ಆಡಿಸಿ ಇನ್ನೊಂದು ಬಿಸ್ಕೆಟ್ ಕೇಳಿದರು.

ವೆಲ್ಷ್ ಕಲಿಯುತ್ತಿರುವವರು, ಊರ ಹೆಸರಿನ ಹಿಂದೆ ಬಿದ್ದವರು, ಪದ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಳ್ಳುವವರು ಬಳಸಿ ನೋಡಿ. ಪುಟದ ಭಾಷೆಯನ್ನು ಮೊದಲೇ ಇಂಗ್ಲಿಷಿಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಬಟನ್ನುಗಳೂ ವೆಲ್ಷಿನಲ್ಲೇ ಇರುತ್ತವೆ. ಮೊಬೈಲಿಗಿಂತ ದೊಡ್ಡ ಪರದೆ ವಾಸಿ, ಉದ್ದದ ನಮೂದುಗಳನ್ನು ಬೆರಳಲ್ಲಿ ಉರುಳಿಸಿ ಓದುವುದು ಕಷ್ಟ. ಐದಕ್ಕೆ ನಾಲ್ಕೂವರೆ ಸ್ಟಾರ್. ಆ ಅರ್ಧ ಕಡಿಮೆ ಮಾಡಿದ್ದು ಅನುವಾದವಿಲ್ಲದ ಉದಾಹರಣೆಗಳಿಗಾಗಿ. ಕನಿಷ್ಠ ಅತ್ಯಂತ ಹಳೆಯ ಸಾಲಿಗಾದರೂ ಇಂಗ್ಲಿಷ್ ಕೊಟ್ಟಿದ್ದರೆ ನನ್ನಂಥವರು ವರ್ಷದ ಜೊತೆ ಆ ಸಾಲನ್ನೂ ಓದಿಕೊಳ್ಳುತ್ತಿದ್ದೆವು.